ಕೈ ಎತ್ತಿ ಕೇಳುವವರಿಲ್ಲದ ಕೋಣೆ

ನಮ್ಮ ಬೀದಿಯ ಹುಡುಗನೊಬ್ಬ ಕಾನೂನು ಪದವಿ ಮುಗಿಸಿ ಮುಂದಿನ ಓದಿಗೆ ಅಮೆರಿಕಕ್ಕೆ ಹೋಗುವ ತಯಾರಿಯಲ್ಲಿದ್ದಾನೆ. ಅರ್ಜಿಯ ಜೊತೆ ಕಳಿಸಬೇಕಾದ ಎರಡು ಪುಟಗಳ ಬರಹವನ್ನು ತೋರಿಸಲು ಮೊನ್ನೆ ಸಂಜೆ ನಮ್ಮ ಮನೆಗೆ ಬಂದಿದ್ದ. ಜೊತೆಗೆ ಅವನ ತಂದೆಯೂ ಇದ್ದರು. ಹುಡುಗ ಆರಿಸಿಕೊಂಡ ವಿಷಯ 'ರಾಷ್ಟ್ರೀಯ ಭದ್ರತಾ ಕಾನೂನು'. ಅದರಲ್ಲೇ ಡಾಕ್ಟರೇಟ್ ಮಾಡಿ, ಅದನ್ನೇ ಕಲಿಸುವ ಅಧ್ಯಾಪಕನಾಗಬೇಕೆಂದು ಅವನ ಆಸೆ. ತಂದೆಗೆ ಸಮಾಧಾನವಿಲ್ಲ. "ಭಾಯಿ, ನೀವಾದರೂ ಹೇಳಿ. ಆಸ್ತಿ ಕಾನೂನು ಓದಲಿ, ಕಂಪನಿ ಕಾನೂನು ಓದಲಿ. ನಮ್ಮಂಥ ಹೆಸರು ಇಟ್ಟುಕೊಂಡು ಇದನ್ನೇ ಓದಬೇಕಾ? ಆ ಕಡೆಯವರು ಅನುಮಾನ ಪಡುತ್ತಾರೆ, ಈ ಕಡೆಯವರು ಸರ್ಕಾರದ ಮನುಷ್ಯ ಅನ್ನುತ್ತಾರೆ" ಎಂದರು. ಹುಡುಗ ನಮ್ಮತ್ತ ತಿರುಗಿ, "ಚಾಚಾ, ಓದುವುದರಲ್ಲಿ ತಪ್ಪೇನಿದೆ?" ಎಂದು ಕೇಳಿದ.

ತಪ್ಪಿಲ್ಲ ಎಂದು ಕೂಡಲೇ ಹೇಳಿಬಿಡಬಹುದಿತ್ತು. ಆದರೆ ಮಾತು ಗಂಟಲಲ್ಲೇ ನಿಂತಿತು. ನಾವು ವಕೀಲರಲ್ಲ, ಕತೆ ಬರೆಯುವವರು. ಆದರೂ ಈ ವಿದ್ಯೆಯ ಬಗ್ಗೆ ಸಿಕ್ಕಿದ್ದನ್ನು ಹಲವು ವರ್ಷಗಳಿಂದ ಓದುತ್ತ ಬಂದಿದ್ದೇವೆ. ಯಾರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡಬಹುದು, ಯಾರ ಫೋನನ್ನು ಕದ್ದು ಕೇಳಬಹುದು, ಯಾರನ್ನು ಎಷ್ಟರಮಟ್ಟಿಗೆ ನೋಯಿಸಬಹುದು, ಯಾರನ್ನು ಕೊಲ್ಲಬಹುದು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿದ್ಯೆ ಇದು. ಇಲ್ಲಿ ಪಂಡಿತನೊಬ್ಬ ತಪ್ಪು ಮಾಡಿದರೆ ಅದು ಪುಸ್ತಕದ ಪುಟದಲ್ಲಿ ಉಳಿಯುವುದಿಲ್ಲ, ಯಾರದೋ ಮೈಮೇಲೆ ಬೀಳುತ್ತದೆ. ಆ ಪೆಟ್ಟಿಗೆ ಪಂಡಿತ ಎಷ್ಟರಮಟ್ಟಿಗೆ ಹೊಣೆ? ಚೂರಿ ಮಾಡಿಕೊಟ್ಟ ಕಮ್ಮಾರನಷ್ಟೇ? ಅಥವಾ ಚೂರಿ ಹಿಡಿದ ಕೈಯಷ್ಟೇ?

ಈ ವಿದ್ಯೆಗೆ ಪ್ರತ್ಯೇಕ ಹೆಸರು ಬಂದು ಬಹಳ ಕಾಲವಾಗಿಲ್ಲ. ಅಮೆರಿಕದಲ್ಲಿ 1947ರ ರಾಷ್ಟ್ರೀಯ ಭದ್ರತಾ ಕಾಯಿದೆಯಿಂದ ಸಿ.ಐ.ಎ. ಹುಟ್ಟಿತು. ವಿದೇಶಿ ಬೇಹುಗಾರಿಕೆಯ ಹೆಸರಿನಲ್ಲಿ ದೇಶದೊಳಗೆ ನಡೆಯುವ ಕದ್ದಾಲಿಕೆಗೆ ವಿಶೇಷ ನ್ಯಾಯಾಲಯವೊಂದರ ಅನುಮತಿ ಬೇಕೆಂಬ ಕಾಯಿದೆ 1978ರಲ್ಲಿ ಬಂತು. 1981ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೇ ಮೀಸಲಾದ ಕೇಂದ್ರ ಆರಂಭವಾಯಿತು. 1990ರಲ್ಲಿ ಪಠ್ಯಪುಸ್ತಕಗಳು ಬಂದವು. ಆದರೂ ಕಾನೂನು ಶಾಲೆಗಳಲ್ಲಿ ಇದು ಒಂದು ಮೂಲೆಯ ವಿಷಯವಾಗಿಯೇ ಇತ್ತು. 2001ರ ಸೆಪ್ಟೆಂಬರ್ 11ರಂದು ಸುಮಾರು 3000 ಜನ ಸತ್ತ ಮೇಲೆ ಎಲ್ಲವೂ ಬದಲಾಯಿತು. ತರಗತಿಗಳು ತುಂಬಿದವು, ಹೊಸ ಹುದ್ದೆಗಳು ಹುಟ್ಟಿದವು, ಸರ್ಕಾರದ ಬಾಗಿಲೂ ತೆರೆಯಿತು. ಆ ದೇಶದಲ್ಲಿ ಒಂದು ಪದ್ಧತಿಯಿದೆ. ಕಾನೂನಿನ ಪ್ರಾಧ್ಯಾಪಕರು ವಿಶ್ವವಿದ್ಯಾಲಯದಿಂದ ರಜೆ ಪಡೆದು ಸರ್ಕಾರದ ಕಾನೂನು ಹುದ್ದೆಗೆ ಹೋಗುತ್ತಾರೆ, ಎರಡು ಮೂರು ವರ್ಷ ದುಡಿದು ಮತ್ತೆ ತಮ್ಮ ಪೀಠಕ್ಕೆ ಮರಳುತ್ತಾರೆ. ನಮ್ಮ ಪ್ರಶ್ನೆ ಹುಟ್ಟುವುದು ಈ ಹೋಗಿಬರುವ ದಾರಿಯಲ್ಲೇ.

ಜಾನ್ ಯೂ ಎಂಬ ಪ್ರಾಧ್ಯಾಪಕರನ್ನೇ ನೋಡೋಣ. ಹುಟ್ಟಿದ್ದು ದಕ್ಷಿಣ ಕೊರಿಯಾದ ಸೋಲ್‌ನಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅಧ್ಯಾಪಕರಾಗಿದ್ದವರು 2001ರಲ್ಲಿ ವಾಷಿಂಗ್ಟನ್ನಿನ ನ್ಯಾಯ ಇಲಾಖೆಯ ಕಾನೂನು ಸಲಹಾ ಕಚೇರಿಗೆ ಹೋದರು. ಅದು ಸಣ್ಣ ಕಚೇರಿ, ಆದರೆ ಸರ್ಕಾರದೊಳಗೆ ಕಾನೂನೆಂದರೆ ಏನು ಎಂಬುದಕ್ಕೆ ಅದರ ಮಾತೇ ಹೆಚ್ಚುಕಡಿಮೆ ಕೊನೆಯದು. ಅಲ್ಲಿಂದ ಒಂದು ಮೆಮೊ ಸಿಕ್ಕಿತೆಂದರೆ ಅಧಿಕಾರಿಗೆ ಗುರಾಣಿ ಸಿಕ್ಕಿದಂತೆ. 2002ರ ಆಗಸ್ಟ್ 1ರಂದು ಅಲ್ಲಿಂದ ಸುಮಾರು 50 ಪುಟಗಳ ಮೆಮೊ ಹೊರಟಿತು. ಸಹಿ ಕಚೇರಿಯ ಮುಖ್ಯಸ್ಥ ಜೇ ಬೈಬೀಯವರದು, ಬರವಣಿಗೆ ಬಹುಪಾಲು ಯೂ ಅವರದು. ಚಿತ್ರಹಿಂಸೆ ಎಂದರೇನು ಎಂಬುದು ಅದರ ಪ್ರಶ್ನೆ. ಅಂಗಾಂಗ ವಿಫಲವಾಗುವಾಗ ಅಥವಾ ಸಾಯುವಾಗ ಆಗುವಷ್ಟು ನೋವಾದರೆ ಮಾತ್ರ ಅದು ಚಿತ್ರಹಿಂಸೆ, ಅದಕ್ಕಿಂತ ಕಡಿಮೆಯದು ಅಲ್ಲ ಎಂಬುದು ಉತ್ತರ. ಯುದ್ಧಕಾಲದಲ್ಲಿ ಅಧ್ಯಕ್ಷರು ಆಜ್ಞೆ ಮಾಡಿದರೆ ಚಿತ್ರಹಿಂಸೆಯನ್ನು ನಿಷೇಧಿಸುವ ಕಾಯಿದೆ ಅಡ್ಡ ಬರಲಾರದು ಎಂಬ ಮಾತೂ ಅದರಲ್ಲಿತ್ತು.

ಈ ನೋವಿನ ಅಳತೆ ಎಲ್ಲಿಂದ ಬಂತು ಗೊತ್ತೇ? ಆರೋಗ್ಯ ಸೌಲಭ್ಯದ ಒಂದು ಕಾಯಿದೆಯಿಂದ. ಆಸ್ಪತ್ರೆಗೆ ಬಂದ ರೋಗಿಗೆ ತುರ್ತು ಚಿಕಿತ್ಸೆ ಯಾವಾಗ ಕೊಡಬೇಕು ಎಂದು ಹೇಳಲು ಬರೆದ ಮಾತುಗಳವು. ರೋಗಿಯನ್ನು ಉಳಿಸಲು ಬರೆದ ಸಾಲು ಕೈದಿಯನ್ನು ಎಷ್ಟು ನೋಯಿಸಬಹುದು ಎನ್ನುವುದಕ್ಕೆ ಅಳತೆಗೋಲಾಯಿತು. ಅದೇ ದಿನ ಅದೇ ಕಚೇರಿಯಿಂದ ಹೊರಟ ಇನ್ನೊಂದು ಮೆಮೊ ಅಬೂ ಜುಬೇದಾ ಎಂಬ ಒಬ್ಬನೇ ಕೈದಿಯ ಮೇಲೆ ಏನೇನು ಮಾಡಬಹುದೆಂದು ಪಟ್ಟಿ ಮಾಡಿತು. ಹಲಗೆಗೆ ಕಟ್ಟಿ, ಮುಖಕ್ಕೆ ಬಟ್ಟೆ ಹಾಕಿ, ನೀರು ಸುರಿದು ಉಸಿರು ಕಟ್ಟಿಸುವುದನ್ನು ಆ ತಿಂಗಳೊಂದರಲ್ಲೇ ಅವನ ಮೇಲೆ 83 ಬಾರಿ ಮಾಡಿದರು. ಅವನನ್ನು ಅಲ್ ಖೈದಾದ ದೊಡ್ಡ ನಾಯಕನೆಂದು ಹಿಡಿದಿದ್ದರು. ಮುಂದೆ ಸರ್ಕಾರವೇ ಆ ಮಾತನ್ನು ಕೈಬಿಟ್ಟಿತು. 2006ರಲ್ಲಿ ಗ್ವಾಂಟನಾಮೋಗೆ ಒಯ್ದ ಮೇಲೂ ಅವನ ಮೇಲೆ ಆರೋಪಪಟ್ಟಿ ಹಾಕದೆ ವರ್ಷಾನುವರ್ಷ ಇಟ್ಟರು.

ಯೂ 2003ರಲ್ಲಿ ಸರ್ಕಾರ ಬಿಟ್ಟು ಮತ್ತೆ ಬರ್ಕ್ಲಿಗೆ ಬಂದು ಪಾಠ ಹೇಳಿದರು. 2004ರ ಜೂನ್‌ನಲ್ಲಿ ಮೆಮೊ ಬಯಲಾದ ಮೇಲೆ ವಿದ್ಯಾರ್ಥಿಗಳು ಪ್ರತಿಭಟಿಸಿದರು, ಕೆಲಸದಿಂದ ತೆಗೆಯಿರಿ ಎಂದರು. ಅಭಿಪ್ರಾಯಕ್ಕಾಗಿ ಪ್ರಾಧ್ಯಾಪಕನನ್ನು ತೆಗೆಯಲಾಗದು ಎಂಬುದು ವಿಶ್ವವಿದ್ಯಾಲಯದ ನಿಲುವು. ನ್ಯಾಯ ಇಲಾಖೆಯ ಒಳತನಿಖೆ ಇದನ್ನು ಉದ್ದೇಶಪೂರ್ವಕ ವೃತ್ತಿದ್ರೋಹ ಎಂದಿತು. 2010ರಲ್ಲಿ ಮೇಲಧಿಕಾರಿಯೊಬ್ಬರು ಅದನ್ನು ಬದಲಾಯಿಸಿ, ವಿವೇಚನೆ ಸಾಲದಾಗಿತ್ತು ಎಂದಷ್ಟೇ ಉಳಿಸಿದರು.

ಇಲ್ಲಿಗೆ ನಿಲ್ಲಿಸಿದರೆ ಒಬ್ಬ ಕೆಟ್ಟ ಪಂಡಿತನ ಕತೆಯಾಗುತ್ತದೆ. ಓದುಗರಿಗೂ ನಮಗೂ ನೆಮ್ಮದಿ. ಆದರೆ ವಿಷಯ ಅಷ್ಟು ಸುಲಭವಿಲ್ಲ.

2003ರ ಅಕ್ಟೋಬರ್‌ನಲ್ಲಿ ಅದೇ ಕಚೇರಿಯ ಮುಖ್ಯಸ್ಥರಾಗಿ ಜ್ಯಾಕ್ ಗೋಲ್ಡ್‌ಸ್ಮಿತ್ ಬಂದರು. ಅವರೂ ಪ್ರಾಧ್ಯಾಪಕರು, ಯೂ ಅವರ ಗೆಳೆಯರು, ರಾಜಕೀಯದಲ್ಲಿ ಅದೇ ಪಕ್ಷದ ಒಲವಿನವರು. ಕಡತದಲ್ಲಿದ್ದ ಗೆಳೆಯನ ಮೆಮೊಗಳನ್ನು ಅವರು ಪರೀಕ್ಷಕನ ಕಣ್ಣಿನಿಂದ ಓದಿದರು. ವಾದ ಸಡಿಲವಾಗಿದೆ, ಬೇಕಾದ್ದಕ್ಕಿಂತ ಹೆಚ್ಚು ಅಧಿಕಾರವನ್ನು ಕೇಳುತ್ತಿದೆ ಎಂದು ಅವರಿಗೆ ಕಂಡಿತು. 2004ರ ಜೂನ್‌ನಲ್ಲಿ ಆಗಸ್ಟ್ ಮೆಮೊವನ್ನು ಹಿಂತೆಗೆದುಕೊಂಡು, ಜೊತೆಗೇ ರಾಜೀನಾಮೆಯನ್ನೂ ಕೊಟ್ಟು ಹಾರ್ವರ್ಡಿಗೆ ಹೋದರು. ಅಲ್ಲಿ ಕೆಲವು ಸಹೋದ್ಯೋಗಿಗಳು, ಈತನೂ ಆ ಸರ್ಕಾರದವನೇ ತಾನೇ ಎಂದು ಮುಖ ತಿರುಗಿಸಿದರು! ಅವರು ಹಿಂತೆಗೆದುಕೊಂಡದ್ದರಿಂದ ಎಲ್ಲವೂ ನಿಂತಿತೆಂದೇನೂ ಅಲ್ಲ. 2005ರಲ್ಲಿ ಅದೇ ಕಚೇರಿಯಿಂದ ಮತ್ತೆ ಅನುಮತಿಯ ಮೆಮೊಗಳು ಬಂದವು. ಆದರೂ ಒಳಗಿದ್ದ ಒಬ್ಬ ಮನುಷ್ಯ 'ಇದು ಸರಿಯಿಲ್ಲ' ಎಂದದ್ದು ಸಣ್ಣ ಮಾತಲ್ಲ. ಹೋಗಲೇಬಾರದಿತ್ತು ಎಂದು ಹೇಳುವವರು ಯೋಚಿಸಬೇಕು. ಗೋಲ್ಡ್‌ಸ್ಮಿತ್ ಹೋಗದಿದ್ದರೆ ಆ ಮೆಮೊವನ್ನು ಹಿಂತೆಗೆಯುವವರು ಯಾರಿದ್ದರು?

ಹಾಗಾದರೆ ಒಳ್ಳೆಯವರನ್ನು ಕಳಿಸಿದರೆ ಸಾಕೇ? ಅದೂ ಸಾಲದು ಎನಿಸುತ್ತದೆ. ಯೇಲ್ ಕಾನೂನು ಶಾಲೆಯ ಡೀನ್ ಆಗಿದ್ದ ಹೆರಾಲ್ಡ್ ಕೋ ಆ ಮೆಮೊವನ್ನು ಅಮೆರಿಕದ ಸಂಸತ್ತಿನ ಮುಂದೆಯೇ ಕಟುವಾಗಿ ಟೀಕಿಸಿದವರು. ಒಬಾಮಾ ಸರ್ಕಾರದಲ್ಲಿ ವಿದೇಶಾಂಗ ಇಲಾಖೆಯ ಕಾನೂನು ಸಲಹೆಗಾರರಾದರು. 2010ರ ಮಾರ್ಚ್‌ನಲ್ಲಿ, ಡ್ರೋನ್ ಬಳಸಿ ಗೊತ್ತುಮಾಡಿದ ವ್ಯಕ್ತಿಗಳನ್ನು ಕೊಲ್ಲುವುದು ಕಾನೂನುಬದ್ಧವೆಂದು ಸಾರ್ವಜನಿಕವಾಗಿ ಸಮರ್ಥಿಸಿದರು. ಹಾರ್ವರ್ಡಿನ ಡೇವಿಡ್ ಬ್ಯಾರನ್ 2008ರಲ್ಲಿ ಸಹಲೇಖಕರೊಡನೆ ದೀರ್ಘ ಲೇಖನಗಳನ್ನು ಬರೆದು, ಯುದ್ಧಕಾಲದಲ್ಲೂ ಅಧ್ಯಕ್ಷ ಶಾಸನಕ್ಕೆ ಬದ್ಧ ಎಂದು ವಾದಿಸಿದ್ದವರು. 2010ರ ಜುಲೈನಲ್ಲಿ ಅದೇ ಸಲಹಾ ಕಚೇರಿಯಲ್ಲಿ ಕೂತು, ಯೆಮನ್‌ನಲ್ಲಿದ್ದ ಅಮೆರಿಕದ ಪ್ರಜೆ ಅನ್ವರ್ ಅಲ್ ಔಲಾಕಿಯನ್ನು ವಿಚಾರಣೆಯಿಲ್ಲದೆ ಕೊಲ್ಲಬಹುದೆಂಬ ಗುಪ್ತ ಮೆಮೊಗೆ ಸಹಿ ಹಾಕಿದರು. 2011ರ ಸೆಪ್ಟೆಂಬರ್ 30ರಂದು ಔಲಾಕಿ ಸತ್ತ. ಎರಡು ವಾರಗಳ ನಂತರ ಇನ್ನೊಂದು ದಾಳಿಯಲ್ಲಿ ಅವನ 16 ವರ್ಷದ ಮಗನೂ ಸತ್ತ. ಹುಡುಗ ಗುರಿಯಾಗಿರಲಿಲ್ಲ ಎಂದು ಆಮೇಲೆ ಸರ್ಕಾರ ಹೇಳಿತು. ಮೆಮೊ ಜನರ ಕಣ್ಣಿಗೆ ಬಿದ್ದದ್ದು 2014ರ ಜೂನ್‌ನಲ್ಲಿ, ಅದೂ ನ್ಯಾಯಾಲಯದ ಮೂಲಕ, ಅನೇಕ ಭಾಗಗಳಿಗೆ ಕಪ್ಪು ಬಳಿದು.

ಇವರನ್ನೆಲ್ಲ ಯೂ ಜೊತೆ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ಯುದ್ಧದ ಕಾನೂನು ಕೆಲವು ಸಂದರ್ಭಗಳಲ್ಲಿ ಕೊಲ್ಲುವುದನ್ನು ಒಪ್ಪುತ್ತದೆ, ಚಿತ್ರಹಿಂಸೆಯನ್ನು ಎಂದೂ ಒಪ್ಪುವುದಿಲ್ಲ. ಅವರ ಮುಂದಿದ್ದ ಅಪಾಯ ಪೂರಾ ಸುಳ್ಳೂ ಅಲ್ಲ. ಪ್ರತಿದಿನ ಬೆಳಿಗ್ಗೆ ಮೇಜಿನ ಮೇಲೆ ಬೆದರಿಕೆಗಳ ಪಟ್ಟಿ ಬರುವ ಕೋಣೆಯಲ್ಲಿ ಕೂತವನ ಮನಸ್ಸು ಹೇಗಿರುತ್ತದೆ ಎಂದು ಗೋಲ್ಡ್‌ಸ್ಮಿತ್ 2007ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ನಾಳೆ ಇನ್ನೊಂದು ಸ್ಫೋಟವಾಗಿ ನೂರಾರು ಜನ ಸತ್ತರೆ ನಿನ್ನ ಸಲಹೆಯೇ ಕಾರಣ ಎನ್ನುತ್ತಾರೆ. ಆ ಭಯವನ್ನು ನಾವು ಇಲ್ಲಿ ಚಹಾ ಕುಡಿಯುತ್ತ ಹಗುರವಾಗಿ ಕಾಣಬಾರದು.

ಆದರೂ ಒಂದು ವಿಷಯ ಎಲ್ಲರಿಗೂ ಸಮಾನ. ಆ ಕೋಣೆಯಲ್ಲಿ ಕೈ ಎತ್ತಿ ಕೇಳುವವರಿಲ್ಲ.

1952ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದು ಪ್ರಸಿದ್ಧ ತೀರ್ಪು ಕೊಟ್ಟಿತು. ಕೊರಿಯಾ ಯುದ್ಧ ನಡೆಯುತ್ತಿದ್ದಾಗ ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿದ್ದರು. ಯುದ್ಧವಿದೆ ಎಂದ ಮಾತ್ರಕ್ಕೆ ಅಧ್ಯಕ್ಷರಿಗೆ ಆ ಅಧಿಕಾರ ಬರುವುದಿಲ್ಲ ಎಂದು ಕೋರ್ಟು ಹೇಳಿತು. ಅಧ್ಯಕ್ಷರ ಅಧಿಕಾರದ ಪಾಠ ಶುರುವಾಗುವುದೇ ಈ ತೀರ್ಪಿನಿಂದ. 2002ರ ಆಗಸ್ಟ್ ಮೆಮೊದಲ್ಲಿ ಅಧ್ಯಕ್ಷರ ಯುದ್ಧಾಧಿಕಾರದ ಬಗ್ಗೆ ಅಷ್ಟೆಲ್ಲ ವಾದವಿದ್ದರೂ ಈ ತೀರ್ಪಿನ ಹೆಸರೇ ಇರಲಿಲ್ಲ. ಯೂ ಇದನ್ನೇ ತರಗತಿಯಲ್ಲಿ ಹೇಳಿದ್ದರೆ ಹಿಂದಿನ ಬೆಂಚಿನ ಯಾವುದೋ ಹುಡುಗಿ ಕೈ ಎತ್ತಿ, 'ಸರ್, 1952ರ ತೀರ್ಪು ಏನಾಯಿತು?' ಎನ್ನುತ್ತಿದ್ದಳು. ತರಗತಿಯಲ್ಲಿ ಪಂಡಿತನನ್ನು ಪಂಡಿತನಾಗಿ ಉಳಿಸುವುದು ಅವನ ಜ್ಞಾನವಷ್ಟೇ ಅಲ್ಲ, ಆ ಎತ್ತಿದ ಕೈಯೂ ಹೌದು. ಗುಪ್ತ ಮೆಮೊ ಬರೆಯುವಾಗ ಎದುರು ವಕೀಲನಿಲ್ಲ, ನ್ಯಾಯಾಧೀಶನಿಲ್ಲ, ಪತ್ರಿಕೆಯವನಿಲ್ಲ. ಯಾರ ಮೈಮೇಲೆ ಅದು ಬೀಳುತ್ತದೋ ಅವನಂತೂ ಇಲ್ಲವೇ ಇಲ್ಲ. ಒಳ್ಳೆಯ ಮನುಷ್ಯನ ಓದು ಕೂಡ ಅಲ್ಲಿ ಮೆಲ್ಲಗೆ ಯಜಮಾನನ ಕಡೆಗೆ ವಾಲುತ್ತದೆ.

ಇದಕ್ಕೆ ಎದುರಾದ ಇನ್ನೊಂದು ಬಾಳು ನಮಗೆ ನೆನಪಾಗುತ್ತದೆ. 1942ರಲ್ಲಿ, ಜಪಾನ್ ಜೊತೆ ಯುದ್ಧ ಶುರುವಾದ ಮೇಲೆ, ಅಮೆರಿಕ ತನ್ನ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಹಾಕಿತು. ಸುಮಾರು 1,20,000 ಜನ, ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದ ಪ್ರಜೆಗಳು. ಫ್ರೆಡ್ ಕೊರೆಮಾತ್ಸು ಎಂಬ 23ರ ವೆಲ್ಡರ್ ಹೋಗುವುದಿಲ್ಲ ಎಂದ. ಅವನನ್ನು ಬಂಧಿಸಿದರು. 1944ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು 6-3ರಿಂದ ಸರ್ಕಾರದ ಪರ ತೀರ್ಪು ಕೊಟ್ಟಿತು. ಕಾರಣ ಸೇನೆಯ ವರದಿ. ಇವರು ಹಡಗುಗಳಿಗೆ ಬೆಳಕಿನ ಸನ್ನೆ ಮಾಡುತ್ತಾರೆ, ರೇಡಿಯೋ ಸಂದೇಶ ಕಳಿಸುತ್ತಾರೆ ಎಂದು ಅದರಲ್ಲಿತ್ತು.

ಆ ವರದಿ ಸುಳ್ಳೆಂದು ನ್ಯಾಯ ಇಲಾಖೆಯ ಇಬ್ಬರು ವಕೀಲರಿಗೆ ಗೊತ್ತಿತ್ತು. ಎಡ್ವರ್ಡ್ ಎನ್ನಿಸ್ ಮತ್ತು ಜಾನ್ ಬರ್ಲಿಂಗ್ ಅವರ ಹೆಸರು. ಬೇರೆ ಸರ್ಕಾರಿ ಇಲಾಖೆಗಳು ತನಿಖೆ ಮಾಡಿ ಆ ಆರೋಪಗಳನ್ನು ತಳ್ಳಿಹಾಕಿದ್ದವು. ನ್ಯಾಯಾಲಯಕ್ಕೆ ಕೊಡುವ ವಾದಪತ್ರದ ಅಡಿಟಿಪ್ಪಣಿಯಲ್ಲಿ ಅದನ್ನು ಹೇಳಬೇಕೆಂದು ಅವರು ಪಟ್ಟು ಹಿಡಿದರು. ಅಚ್ಚಾಗುತ್ತಿದ್ದುದನ್ನು ನಿಲ್ಲಿಸಿ, ಯುದ್ಧ ಇಲಾಖೆಯ ಒತ್ತಡಕ್ಕೆ ಆ ಟಿಪ್ಪಣಿಯನ್ನು ತಿದ್ದಿ, ಯಾರಿಗೂ ಅರ್ಥವಾಗದ ಹಾಗೆ ಮಾಡಿದರು. ನ್ಯಾಯಾಧೀಶರಿಗೆ ಸತ್ಯ ಮುಟ್ಟಲಿಲ್ಲ.

ನಾವು ಪ್ರಾಥಮಿಕ ಓದು ಓದಿದ್ದು ಉರ್ದು ಶಾಲೆಯಲ್ಲಿ. ಉರ್ದುವಿನಲ್ಲಿ ಪುಟದ ಅಂಚಿಗೆ 'ಹಾಶಿಯಾ' ಎನ್ನುತ್ತಾರೆ, ಅಂಚಿನಲ್ಲಿ ಬರೆದ ಟಿಪ್ಪಣಿಗೂ ಅದೇ ಮಾತು. ಸಮಾಜದ ಅಂಚಿಗೆ ತಳ್ಳಲ್ಪಟ್ಟವರನ್ನೂ 'ಹಾಶಿಯೇ ಪರ್' ಇರುವವರು ಎನ್ನುತ್ತಾರೆ. ಒಂದು ಹಾಶಿಯಾ ಅಳಿಸಿದರೆ ಇನ್ನೊಂದು ಹಾಶಿಯಾದ ಒಂದು ಲಕ್ಷ ಜನರಿಗೆ ಏನಾಗುತ್ತದೆ ಎಂಬುದಕ್ಕೆ ಈ ಮೊಕದ್ದಮೆಗಿಂತ ಬೇರೆ ಸಾಕ್ಷಿ ಬೇಡ.

ಅಳಿಸಿದ ಆ ಟಿಪ್ಪಣಿಯನ್ನು ಹುಡುಕಿ ತೆಗೆದವರು ಒಬ್ಬ ಪ್ರಾಧ್ಯಾಪಕರು. ಪೀಟರ್ ಐರನ್ಸ್. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೆಗೆ ಸೇರಲು ನಿರಾಕರಿಸಿ ಜೈಲು ಕಂಡವರು. ಆಮೇಲೆ ಕಾನೂನು ಓದಿ ಅಧ್ಯಾಪಕರಾದರು. ಆ ಹಳೆಯ ಮೊಕದ್ದಮೆಯ ಬಗ್ಗೆ ಪುಸ್ತಕ ಬರೆಯಲು ಕುಳಿತಾಗ, 1981ರಲ್ಲಿ, ಯಾರೂ ಮುಟ್ಟದ ಕಡತದ ಪೆಟ್ಟಿಗೆಗಳಲ್ಲಿ ಎನ್ನಿಸ್, ಬರ್ಲಿಂಗರ ಪ್ರತಿಭಟನೆಯ ಪತ್ರಗಳು ಸಿಕ್ಕವು. ಅದೇ ಹೊತ್ತಿಗೆ, ಬಾಲ್ಯದಿಂದಷ್ಟೇ ಹೊರಬಂದ ವಯಸ್ಸಿನಲ್ಲಿ ಆ ಶಿಬಿರ ಕಂಡಿದ್ದ ಐಕೋ ಹರ್ಜಿಗ್ ಯೋಶಿನಾಗ ಎಂಬ ಮಹಿಳೆಗೆ ರಾಷ್ಟ್ರೀಯ ಪತ್ರಾಗಾರದಲ್ಲಿ ಸೇನಾ ವರದಿಯ ಮೂಲಪ್ರತಿ ಸಿಕ್ಕಿತು. ಸುಟ್ಟುಹಾಕಿದ ಪ್ರತಿಗಳಲ್ಲಿ ಉಳಿದುಹೋದದ್ದು ಅದು. ಇವರಲ್ಲಿ ನಿಷ್ಠರು ಯಾರು ಎಂದು ವಿಚಾರಿಸಲು ಸಮಯವಿರಲಿಲ್ಲ ಎಂದು ತಿದ್ದಿದ ವರದಿ ಹೇಳುತ್ತಿತ್ತು. ಸಮಯದ ಪ್ರಶ್ನೆಯೇ ಅಲ್ಲ, ಈ ಜನರಲ್ಲಿ ನಿಷ್ಠರನ್ನು ಬೇರ್ಪಡಿಸುವುದೇ ಅಸಾಧ್ಯ ಎಂದು ಮೂಲದಲ್ಲಿತ್ತು. ಐರನ್ಸ್ ಕೊರೆಮಾತ್ಸುವಿನ ಮನೆಗೆ ಹೋಗಿ ಕಾಗದಗಳನ್ನು ತೋರಿಸಿದರು. ಶಿಬಿರದಲ್ಲಿದ್ದವರ ಮಕ್ಕಳು ವಕೀಲರಾಗಿದ್ದರು, ಡೇಲ್ ಮಿನಾಮಿಯವರ ಮುಂದಾಳತ್ವದಲ್ಲಿ ಅವರೇ ಸಂಭಾವನೆ ಪಡೆಯದೆ ವಾದಿಸಿದರು. 1983ರ ನವೆಂಬರ್ 10ರಂದು ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶೆ ಮರ್ಲಿನ್ ಹಾಲ್ ಪಟೇಲ್ ಆ ಶಿಕ್ಷೆಯನ್ನು ರದ್ದು ಮಾಡಿದರು. 1988ರಲ್ಲಿ ಸಂಸತ್ತು ಕ್ಷಮೆ ಕೇಳಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಡುವ ಕಾಯಿದೆ ಮಾಡಿತು.

ಇದೂ ರಾಷ್ಟ್ರೀಯ ಭದ್ರತಾ ಕಾನೂನಿನ ವಿದ್ವತ್ತೇ. ಯೂ ಕೂತದ್ದು ಕಾಗದ ಹುಟ್ಟುವ ಕೋಣೆಯಲ್ಲಿ, ಐರನ್ಸ್ ಕೂತದ್ದು ಕಾಗದ ಹೂಳಿದ ಕೋಣೆಯಲ್ಲಿ. ವ್ಯತ್ಯಾಸ ಅಷ್ಟೇ ಅಲ್ಲ. ಐರನ್ಸ್ ತಮಗೆ ಸಿಕ್ಕಿದ ಕಾಗದವನ್ನು ಯಾರಿಗೆ ಪೆಟ್ಟು ಬಿದ್ದಿತ್ತೋ ಅವನ ಕೈಗೇ ಕೊಟ್ಟರು.

ನಮ್ಮ ದೇಶದ ಮಾತೇನು ಎಂದು ಓದುಗರು ಕೇಳಬಹುದು. 1975ರ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರ ಅರ್ಜಿಗಳನ್ನು ನಮ್ಮ ಹೈಕೋರ್ಟು ಕೇಳಲು ಸಿದ್ಧವಾಯಿತು. ಅಂಥ ಹಲವು ಹೈಕೋರ್ಟುಗಳ ನಿಲುವನ್ನು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು 4-1ರಿಂದ ತಳ್ಳಿಹಾಕಿತು. ಒಬ್ಬರೇ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೈ ಎತ್ತಿದರು. ಅದಕ್ಕೆ ತೆತ್ತ ಬೆಲೆ ಮುಖ್ಯ ನ್ಯಾಯಮೂರ್ತಿಯ ಸ್ಥಾನ. ಆ ತೀರ್ಪನ್ನು ಸುಪ್ರೀಂ ಕೋರ್ಟು ಕೊನೆಗೂ ಬದಿಗೆ ಸರಿಸಿದ್ದು 2017ರಲ್ಲಿ, ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹಾಕಿದ್ದ ಮೊಕದ್ದಮೆಯಲ್ಲಿ. ಕೇರಳದ ಮೀಡಿಯಾ ಒನ್ ವಾಹಿನಿಯ ಪರವಾನಗಿಯನ್ನು ಮುಚ್ಚಿದ ಲಕೋಟೆಯ ಕಾರಣಗಳ ಮೇಲೆ ನಿಲ್ಲಿಸಿದಾಗ, 2023ರ ಏಪ್ರಿಲ್ 5ರಂದು ಅದೇ ಕೋರ್ಟು, ರಾಷ್ಟ್ರೀಯ ಭದ್ರತೆ ಎಂಬ ಮಾತನ್ನು ಆಧಾರವಿಲ್ಲದೆ ಗಾಳಿಯಿಂದ ತೆಗೆದು ಹೇಳಲಾಗದು ಎಂದಿತು. ಲಕೋಟೆಯೂ ಒಂದು ಮುಚ್ಚಿದ ಕೋಣೆಯೇ. ಅದನ್ನು ಒಡೆದು ಓದಬಲ್ಲ ವಿದ್ಯೆ ನಮ್ಮಲ್ಲೂ ಬೇಕಾಗಿದೆ.

ಹುಡುಗನ ಬರಹದ ಮೊದಲ ಸಾಲು ಹೀಗಿತ್ತು: 'ರಾಷ್ಟ್ರದ ಭದ್ರತೆ ಮತ್ತು ವ್ಯಕ್ತಿಯ ಸ್ವಾತಂತ್ರ್ಯದ ನಡುವೆ ಸಮತೋಲನ ಕಾಯುವುದೇ ಈ ವಿದ್ಯೆಯ ಗುರಿ.' ಎಲ್ಲರೂ ಬರೆಯುವ ಸಾಲೇ ಅದು. ನಾವು ಅವನನ್ನು ಕೇಳಿದೆವು: "ಬೇಟಾ, ತಕ್ಕಡಿಯ ಈ ತಟ್ಟೆಯಲ್ಲಿರುವ ಭದ್ರತೆ ಯಾರದು? ಆ ತಟ್ಟೆಯಲ್ಲಿರುವ ಸ್ವಾತಂತ್ರ್ಯ ಯಾರದು? ಎರಡೂ ಒಬ್ಬನದೇ ಆದರೆ ಅವನು ತೂಗಿಕೊಳ್ಳಲಿ. ಇಲ್ಲಿ ಭದ್ರತೆ ಒಬ್ಬನದು, ಕಳೆದುಕೊಳ್ಳುವ ಸ್ವಾತಂತ್ರ್ಯ ಇನ್ನೊಬ್ಬನದು. ತೂಗುವವನು ಮೂರನೆಯವನು." ಜಾರ್ಜ್‌ಟೌನ್‌ನ ಪ್ರಾಧ್ಯಾಪಕ ಡೇವಿಡ್ ಕೋಲ್ 2003ರಲ್ಲೇ ಪರದೇಶಿಗಳ ಬಂಧನದ ಬಗ್ಗೆ ಪುಸ್ತಕ ಬರೆದು ಇಂಥದೇ ಎಚ್ಚರಿಕೆ ಕೊಟ್ಟಿದ್ದರು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಾಗಾದರೆ ಓದಬೇಡವೇ ಚಾಚಾ?" ಎಂದ.

"ಓದು. ನಿನ್ನಂಥವರು ಓದದಿದ್ದರೆ ಆ ಕೋಣೆಯಲ್ಲಿ ನಮ್ಮ ಬಗ್ಗೆ ಬರೆಯುವವರು ಇರುತ್ತಾರೆ, ನಮ್ಮಿಂದ ಹೋಗಿ ಓದುವವರು ಇರುವುದಿಲ್ಲ. ಸರ್ಕಾರ ಕರೆದರೆ ಹೋಗಬಾರದೆಂದೂ ಹೇಳುವುದಿಲ್ಲ. ಆದರೆ ಸಹಿ ಹಾಕುವ ಮುನ್ನ ಒಂದು ಕೆಲಸ ಮಾಡು. ಆ ಪುಟ ಯಾರ ಮೈಮೇಲೆ ಬೀಳುತ್ತದೋ ಅವನು ಎದುರು ಬೆಂಚಿನಲ್ಲಿ ಕೂತು ಕೈ ಎತ್ತಿದ್ದಾನೆ ಅಂದುಕೋ. ಅವನಿಗೆ ನಿನ್ನಲ್ಲಿ ಉತ್ತರವಿದ್ದರೆ ಸಹಿ ಹಾಕು. ಇಲ್ಲದಿದ್ದರೆ ಕನಿಷ್ಠ ಒಂದು ಅಡಿಟಿಪ್ಪಣಿ ಬರೆದಿಡು. ಅದನ್ನು ಅಳಿಸಿದರೂ ನಲವತ್ತು ವರ್ಷದ ಮೇಲೆ ಯಾರಾದರೂ ಪೆಟ್ಟಿಗೆ ತೆರೆಯುತ್ತಾರೆ" ಎಂದೆವು.

ತಂದೆ ಇಷ್ಟೂ ಹೊತ್ತು ಚಹಾದ ಲೋಟ ಹಿಡಿದು ಕೇಳುತ್ತಿದ್ದರು. ಎದ್ದು ನಿಂತು, "ಅದೆಲ್ಲ ಇರಲಿ ಭಾಯಿ, ಮೊದಲು ವೀಸಾ ಸಿಗಲಿ" ಎಂದು ನಕ್ಕರು. ಹುಡುಗ ನಗಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಹಾಳೆ ಬಿಚ್ಚಿ ಮೊದಲ ಸಾಲನ್ನು ಮತ್ತೆ ಓದಿಕೊಳ್ಳುತ್ತಿದ್ದ.